ಅವಳನ್ನು ಹಾಡುವುದು: ಸಾಮಿ ಜನರ ಯೊಯ್ಕ್ ಮತ್ತು ಆರೋಗ್ಯದ ಪ್ರಶ್ನೆ

(ಗಡಿಯಾಚೆಯ ಕನ್ನಡ ವಿದ್ಯಾರ್ಥಿಗಳು ಮತ್ತು ಅಧ್ಯಾಪಕರ ಆನ್‌ಲೈನ್ ವಿಚಾರಗೋಷ್ಠಿಯಲ್ಲಿ ಕಾಸರಗೋಡಿನಿಂದ ಮಂಡಿಸಿದ ಪ್ರಬಂಧದ ಬರಹರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೆಯೇ ಉಳಿಸಿಕೊಳ್ಳಲಾಗಿದೆ. ಕೊನೆಯಲ್ಲಿ ಸಂವಾದದ ಆಯ್ದ ಭಾಗವಿದೆ.)

ನನ್ನ ಧ್ವನಿ ಕೇಳ್ತಾ ಉಂಟಲ್ಲ? ಸರಿ. ಇಲ್ಲಿ ಮಳೆ, ಕರೆಂಟು ಯಾವಾಗ ಹೋಗ್ತದೆ ಅಂತ ಹೇಳಲಿಕ್ಕಾಗುವುದಿಲ್ಲ. ಹಾಗಾಗಿ ಪೀಠಿಕೆಯನ್ನು ಚಿಕ್ಕದು ಮಾಡುತ್ತೇನೆ. ಕಾರ್ಯಕ್ರಮದ ಪಟ್ಟಿಯಲ್ಲಿ ‘ಸಾಮಿ ಹಾಡುಗಾರಿಕೆ’ ಅಂತ ನೋಡಿದ ಇಬ್ಬರು ಗೆಳತಿಯರು ಫೋನು ಮಾಡಿ, ಅಯ್ಯಪ್ಪ ಸಾಮಿಗಳ ಭಜನೆಯ ಬಗ್ಗೆಯಾ ಅಂತ ಕೇಳಿದರು. ಅಲ್ಲ. ಈ ಸಾಮಿಗಳು ನಾರ್ವೆ, ಸ್ವೀಡನ್, ಫಿನ್ಲೆಂಡ್ ದೇಶಗಳ ಉತ್ತರ ಭಾಗದಲ್ಲಿ ಮತ್ತು ರಷ್ಯಾದ ಕೋಲಾ ಪರ್ಯಾಯ ದ್ವೀಪದಲ್ಲಿ ಇರುವ ಮೂಲನಿವಾಸಿಗಳು. ನಾಲ್ಕು ದೇಶಗಳಲ್ಲಿ ಹರಡಿರುವ ಆ ನಾಡನ್ನು ಅವರು ‘ಸಾಪ್ಮಿ’ ಅಂತ ಕರೆಯುತ್ತಾರೆ. ಎಲ್ಲ ಸೇರಿ ಸುಮಾರು 80,000ದಿಂದ ಒಂದು ಲಕ್ಷ ಜನ ಅಂತ ಅಂದಾಜು. ಹಿಮಸಾರಂಗ ಸಾಕುವವರು ಅಂತ ಮಾತ್ರ ನಾವು ಶಾಲೆಯ ಪುಸ್ತಕದಲ್ಲಿ ಓದಿದ್ದು, ಅದೂ ‘ಲ್ಯಾಪ್’ ಎಂಬ ಹೆಸರಿನಲ್ಲಿ. ಆ ಹೆಸರನ್ನು ಅವರು ಅವಮಾನ ಅಂತ ಪರಿಗಣಿಸುತ್ತಾರೆ. ಸಮುದ್ರದ ಬದಿಯಲ್ಲಿ ಮೀನು ಹಿಡಿದು ಬದುಕಿದ ಸಾಮಿಗಳೂ ಇದ್ದಾರೆ, ಇವತ್ತು ಓಸ್ಲೋ ನಗರದಲ್ಲಿ ಕಂಪ್ಯೂಟರ್ ಮುಂದೆ ಕೂತವರೂ ಇದ್ದಾರೆ.

ಗಡಿನಾಡ ಕನ್ನಡದ ಗೋಷ್ಠಿಯಲ್ಲಿ ಈ ವಿಷಯ ಯಾಕೆ ಅಂತ ಅಧ್ಯಕ್ಷರು ಮೊದಲೇ ಕೇಳಿದ್ದರು. ನಾನು ಓದುತ್ತಿರುವುದು ವಯಸ್ಸಾದವರ ಆರೈಕೆಯಲ್ಲಿ ಮನೆಮಾತಿನ ಪಾತ್ರ ಏನು ಅನ್ನುವುದನ್ನು. ಆ ದಾರಿಯಲ್ಲಿ ಹೋಗುತ್ತಾ ಸಾಮಿಗಳ ಹಾಡಿನ ಕುರಿತ ಸಂಶೋಧನೆ ಕೈಗೆ ಸಿಕ್ಕಿತು. ನಾವೂ ಅವರೂ ಒಂದೇ ಅಂತ ಹೇಳಲಿಕ್ಕೆ ನಾನು ಬಂದದ್ದಲ್ಲ. ನಾವು ಅಲ್ಪಸಂಖ್ಯಾತರಾದದ್ದು 1956ರ ನವೆಂಬರ್ 1ರಂದು ಗೆರೆ ಎಳೆದದ್ದರಿಂದ. ಗೆರೆಯ ಆಚೆ ಬದಿ ನಮ್ಮ ಭಾಷೆಗೆ ಒಂದು ರಾಜ್ಯ ಉಂಟು, ವಿಶ್ವವಿದ್ಯಾನಿಲಯಗಳಿವೆ, ಪತ್ರಿಕೆ, ಸಿನೆಮಾ ಎಲ್ಲ ಉಂಟು. ಸಾಮಿಗಳಿಗೆ ಯಾವ ಗೆರೆಯ ಯಾವ ಬದಿಯಲ್ಲೂ ಅಂಥದ್ದು ಇರಲಿಲ್ಲ. ನಮ್ಮ ಹಾಡನ್ನು ಪಾಪ ಅಂತ ಯಾರೂ ನ್ಯಾಯಾಲಯಕ್ಕೆ ಎಳೆದವರಿಲ್ಲ. ಈ ವ್ಯತ್ಯಾಸವನ್ನು ಮರೆತು ಹೋಲಿಕೆ ಮಾಡಿದರೆ ಅದು ಅವರಿಗೆ ಮಾಡುವ ಇನ್ನೊಂದು ಅನ್ಯಾಯ.

ಈಗ ವಿಷಯಕ್ಕೆ. ಅವರ ಹಾಡಿಗೆ ಹೊರಗಿನವರು ಬಳಸುವ ಹೆಸರು ಯೊಯ್ಕ್. ಉತ್ತರ ಸಾಮಿ ಭಾಷೆಯಲ್ಲಿ ಅದು ‘ಲುಓಹ್ತಿ’, ದಕ್ಷಿಣದ ಕಡೆ ‘ವುಯೆಲಿಯೆ’, ಪೂರ್ವದ ಸ್ಕೋಲ್ಟ್ ಸಾಮಿಗಳಲ್ಲಿ ‘ಲೆವ್ದ್’. ಇವೆಲ್ಲ ಒಂದೇ ವಸ್ತುವಿನ ಬೇರೆ ಹೆಸರುಗಳು ಅಂತಲೂ ತಿಳಿಯಬಾರದು. ಉತ್ತರದ ಲುಓಹ್ತಿಯಲ್ಲಿ ಸ್ವರಗಳು ದೂರ ದೂರ ಜಿಗಿಯುತ್ತವೆ, ಹೆಚ್ಚಾಗಿ ಐದು ಸ್ವರಗಳ ಒಳಗೆ. ದಕ್ಷಿಣದ್ದು ಸಣ್ಣ ಅಂತರದಲ್ಲಿ ಜಾರುತ್ತಾ ಹೋಗುತ್ತದೆ. ಸ್ಕೋಲ್ಟ್‌ನವರದ್ದು ಕತೆ ಹೇಳುತ್ತದೆ. ನಾನು ಇವತ್ತು ಹೆಚ್ಚಾಗಿ ಉತ್ತರದ್ದರ ಬಗ್ಗೆ ಮಾತಾಡುತ್ತೇನೆ, ಯಾಕೆಂದರೆ ಆರೋಗ್ಯದ ಸಂಶೋಧನೆ ನಡೆದದ್ದು ಬಹುಪಾಲು ಅಲ್ಲೇ.

ಯೊಯ್ಕ್‌ನಲ್ಲಿ ಮಾತು ಕಡಿಮೆ. ಕೆಲವೊಮ್ಮೆ ಒಂದು ಹೆಸರು, ಒಂದೆರಡು ಶಬ್ದ, ಉಳಿದದ್ದು ಲೋ ಲೋ, ನೋ ನೋ, ಲಾ ಲಾ ಎಂಬಂಥ ಅರ್ಥವಿಲ್ಲದ ಅಕ್ಷರಗಳು. ಅರ್ಥವಿಲ್ಲ ಅಂತ ನಾವು ಹೇಳುವುದು. ಕೇಳುವವರಿಗೆ ಆ ರಾಗ, ಆ ಲಯ, ಆ ಕಂಠದ ತಿರುವು ಸಾಕು, ಯಾರು ಅಂತ ಗೊತ್ತಾಗುತ್ತದೆ. ಯಾಕೆಂದರೆ ಯೊಯ್ಕ್ ಒಬ್ಬ ಮನುಷ್ಯನದ್ದಾಗಿರುತ್ತದೆ, ಅಥವಾ ಒಂದು ತೋಳದ್ದು, ಒಂದು ಬೆಟ್ಟದ್ದು. ಇಲ್ಲಿ ಒಂದು ವ್ಯಾಕರಣದ ವಿಷಯ ಉಂಟು, ನನ್ನ ಇಡೀ ಪ್ರಬಂಧ ನಿಂತಿರುವುದು ಅದರ ಮೇಲೆ. ಸಾಮಿ ಭಾಷೆಯಲ್ಲಿ ‘ಯುಓಯ್ಗಾತ್’ ಅಂದರೆ ಯೊಯ್ಕ್ ಮಾಡು ಎಂಬ ಕ್ರಿಯಾಪದ. ಅದಕ್ಕೆ ನೇರ ಕರ್ಮ ಬರುತ್ತದೆ. ಒಬ್ಬರ ಬಗ್ಗೆ ಯೊಯ್ಕ್ ಮಾಡುವುದಿಲ್ಲ, ಒಬ್ಬರನ್ನೇ ಯೊಯ್ಕ್ ಮಾಡುವುದು. ಕನ್ನಡದಲ್ಲಿ ‘ಅವಳನ್ನು ಹಾಡಿದೆ’ ಅಂದರೆ ಕಿವಿಗೆ ಕಿರಿಕಿರಿ ಆಗುತ್ತದೆ. ‘ಅವಳ ಬಗ್ಗೆ ಹಾಡಿದೆ’, ‘ಅವಳ ಮೇಲೆ ಪದ ಕಟ್ಟಿದೆ’ ಅಂತ ನಾವು ಹೇಳುವುದು. ಆದರೆ ಇನ್ನೊಂದು ಕ್ರಿಯಾಪದ ನಮ್ಮಲ್ಲಿ ಉಂಟು, ಅದು ಸರಿಯಾಗಿ ಹೊಂದುತ್ತದೆ: ನೆನೆ. ಅವಳನ್ನು ನೆನೆದೆ. ದ್ವಿತೀಯಾ ವಿಭಕ್ತಿ, ಮಧ್ಯದಲ್ಲಿ ‘ಬಗ್ಗೆ’ ಇಲ್ಲ, ‘ಕುರಿತು’ ಇಲ್ಲ. ನನಗನ್ನಿಸುವುದು, ಯೊಯ್ಕ್ ಎಂಬ ಶಬ್ದವನ್ನು ‘ಜಾನಪದ ಗೀತೆ’ ಅಂತ ಅನುವಾದ ಮಾಡಿದ ಕೂಡಲೇ ನಾವು ತಪ್ಪು ಬಾಗಿಲಿನಿಂದ ಒಳಗೆ ಹೋಗುತ್ತೇವೆ. ಅದು ‘ಹಾಡು’ವಿಗಿಂತ ‘ನೆನೆ’ಗೆ ಹತ್ತಿರ.

ಇದು ನನ್ನ ಸ್ವಂತ ಜಾಣತನ ಅಂತ ಹೇಳುವ ಧೈರ್ಯ ಇಲ್ಲ. ಯುಹಾನ್ ತುರಿ ಎಂಬ ಸಾಮಿ ಬೇಟೆಗಾರ 1910ರಲ್ಲಿ ತನ್ನ ಜನರ ಬದುಕಿನ ಬಗ್ಗೆ ಸಾಮಿ ಭಾಷೆಯಲ್ಲೇ ಒಂದು ಪುಸ್ತಕ ಪ್ರಕಟಿಸಿದ. ಎಮಿಲಿ ಡೆಮಾಂಟ್ ಎಂಬ ಡೆನ್ಮಾರ್ಕಿನ ಹೆಂಗಸು ಅದಕ್ಕೆ ನೆರವಾದಳು. ಸಾಮಿಯೊಬ್ಬ ಸಾಮಿ ಭಾಷೆಯಲ್ಲಿ ಧರ್ಮದ ಹೊರಗಿನ ವಿಷಯದ ಮೇಲೆ ಬರೆದ ಮೊದಲ ಪುಸ್ತಕ ಅದು. ಅದರಲ್ಲಿ ತುರಿ ಯೊಯ್ಕ್ ಎಂದರೆ ಬೇರೆಯವರನ್ನು ನೆನೆಯುವ ಒಂದು ಕಲೆ ಎಂಬ ಅರ್ಥದಲ್ಲಿ ಹೇಳುತ್ತಾನೆ. ಎಲ್ಲರೂ ಈ ಮಾತನ್ನು ಉದ್ಧರಿಸುತ್ತಾರೆ. ಆದರೆ ಅವನು ಅಲ್ಲಿಗೆ ನಿಲ್ಲಿಸಿಲ್ಲ. ಕೆಲವರನ್ನು ಪ್ರೀತಿಯಿಂದ ನೆನೆಯುತ್ತಾರೆ, ಕೆಲವರನ್ನು ದುಃಖದಿಂದ, ಕೆಲವರನ್ನು ದ್ವೇಷದಿಂದ ಎಂದೂ ಸೇರಿಸುತ್ತಾನೆ. ಆರೋಗ್ಯದ ಲೇಖನಗಳಲ್ಲಿ ಈ ದ್ವೇಷದ ಭಾಗ ಮೆಲ್ಲಗೆ ಹಿಂದೆ ಸರಿಯುತ್ತದೆ. ಗೇಲಿ ಮಾಡುವ ಯೊಯ್ಕ್ ಉಂಟು, ಚುಚ್ಚುವ ಯೊಯ್ಕ್ ಉಂಟು. ಅದನ್ನೆಲ್ಲ ತೊಳೆದು ಒಣಗಿಸಿ ‘ಸ್ವಾಸ್ಥ್ಯದ ಸಂಗೀತ’ ಮಾಡಿದರೆ ಉಳಿಯುವುದು ಯೊಯ್ಕ್ ಅಲ್ಲ.

ಇನ್ನು ಯಜಮಾನಿಕೆಯ ವಿಷಯ. ನಾನು ನಿಮಗಾಗಿ ಒಂದು ಯೊಯ್ಕ್ ಕಟ್ಟಿದೆ ಅಂತ ಇಟ್ಟುಕೊಳ್ಳಿ. ಅದು ಯಾರದ್ದು? ಕಟ್ಟಿದ ನನ್ನದಲ್ಲ, ನಿಮ್ಮದು. ಮಗುವಿಗೆ ಮನೆಯವರು ಒಂದು ಪುಟ್ಟ ಯೊಯ್ಕ್ ಕೊಡುತ್ತಾರೆ, ಮಗು ದೊಡ್ಡದಾದ ಹಾಗೆ ಅದೂ ಬದಲಾಗಬಹುದು. ಅದು ಹೆಸರು ಇದ್ದ ಹಾಗೆ. ಹೆಸರನ್ನು ನಾವು ಇಟ್ಟುಕೊಳ್ಳುವುದಲ್ಲ, ಇನ್ನೊಬ್ಬರು ಇಡುವುದು. ಹೆಚ್ಚಾಗಿ ಉಪಯೋಗಿಸುವವರೂ ಇನ್ನೊಬ್ಬರೇ. ಹಾಗೆಯೇ ತನ್ನ ಯೊಯ್ಕನ್ನು ತಾನೇ ಹೇಳಿಕೊಳ್ಳುವುದು ಬಡಾಯಿ ಅಂತ ಹಲವು ಕಡೆ ಭಾವನೆ ಇದೆ. ಮತ್ತೆ, ಅದಕ್ಕೆ ಆರಂಭ ಅಂತ ಇಲ್ಲ, ಮುಕ್ತಾಯ ಅಂತಲೂ ಇಲ್ಲ. ಸುತ್ತುತ್ತಾ ಇರುತ್ತದೆ, ಎಲ್ಲೋ ಹಿಡಿದು ಎಲ್ಲೋ ಬಿಡುತ್ತಾರೆ. ಮಧ್ಯದಲ್ಲಿ ಉಸಿರು ಮುಗಿದಲ್ಲಿ ಶಬ್ದವನ್ನೇ ಕತ್ತರಿಸಿ ಮುಂದಕ್ಕೆ ಹೋಗುವುದೂ ಉಂಟು. ಟ್ರೋಮ್ಸೊದ ಆಂಡೆ ಸೊಂಬಿ ಕಾನೂನು ಕಲಿಸುವ ವಿದ್ವಾಂಸ, ಜೊತೆಗೆ ಸ್ವತಃ ಯೊಯ್ಕ್ ಹಾಡುವವನು. ಯೊಯ್ಕ್‌ನಲ್ಲಿ ಹಾಡುವವನು ಮತ್ತು ಹಾಡಿಸಿಕೊಂಡ ವಸ್ತು ಎಂಬ ಭೇದವೇ ಗಟ್ಟಿಯಾಗಿ ನಿಲ್ಲುವುದಿಲ್ಲ ಎಂಬುದು ಅವನ ವಾದ. ಅವನು ತೋಳವನ್ನು ಯೊಯ್ಕ್ ಮಾಡುವ ವಿಡಿಯೋ ಯೂಟ್ಯೂಬಿನಲ್ಲಿದೆ. ವಾದ ಅರ್ಥವಾಗದವರು ಅದನ್ನು ನೋಡಬಹುದು. ನಾನು ನೋಡಿದಾಗ ಪಕ್ಕದ ಕೋಣೆಯಿಂದ ಅಮ್ಮ ಓಡಿ ಬಂದರು.

ಚರಿತ್ರೆಯನ್ನು ಬೇಗ ಮುಗಿಸುತ್ತೇನೆ, ಇಲ್ಲಿರುವ ಹಲವರಿಗೆ ಇಂಥ ಕತೆಗಳು ಹೊಸತಲ್ಲ. ಸಾಮಿಗಳ ‘ನೊಆಯ್ದಿ’, ಅಂದರೆ ಲೋಕಗಳ ನಡುವೆ ಓಡಾಡುವ ವೈದ್ಯ ಮತ್ತು ಮಾಂತ್ರಿಕ, ಡೋಲು ಬಡಿದು ಯೊಯ್ಕ್ ಮಾಡುತ್ತಾ ಕಾಯಿಲೆಯವನಿಗಾಗಿ ಪ್ರಯಾಣ ಹೊರಡುತ್ತಿದ್ದ. ಹಾಗಾಗಿ ಹಾಡಿಗೂ ಗುಣವಾಗುವುದಕ್ಕೂ ಇರುವ ನಂಟು ಇವತ್ತಿನ ಸಂಶೋಧಕರು ಕಂಡುಹಿಡಿದದ್ದೇನಲ್ಲ. ಕ್ರೈಸ್ತ ಮಿಷನರಿಗಳಿಗೆ ಕಂಡದ್ದು ಸೈತಾನ. 1692ರಲ್ಲಿ ಆಂಡರ್ಸ್ ಪೌಲ್ಸನ್ ಎಂಬ ಮುದುಕನನ್ನು ಉತ್ತರ ನಾರ್ವೆಯ ವಾಡ್ಸೊದಲ್ಲಿ ಮಾಟದ ಆಪಾದನೆಯ ಮೇಲೆ ವಿಚಾರಣೆಗೆ ನಿಲ್ಲಿಸಿದರು. ತನ್ನ ಡೋಲಿನ ಮೇಲಿನ ಒಂದೊಂದು ಚಿತ್ರದ ಅರ್ಥವನ್ನೂ ಅವನು ನ್ಯಾಯಾಲಯಕ್ಕೆ ವಿವರಿಸಿದ. ತೀರ್ಪು ಬರುವ ಮೊದಲೇ ಅವನ ಕೊಲೆಯಾಯಿತು. ಆ ಡೋಲು ಡೆನ್ಮಾರ್ಕಿನ ಪಾಲಾಗಿ, ಕರಸ್ಯೋಕ್‌ನ ಸಾಮಿ ವಸ್ತುಸಂಗ್ರಹಾಲಯದ ಸ್ವಂತದ್ದಾದದ್ದು 2022ರಲ್ಲಿ. 330 ವರ್ಷ.

ಆಮೇಲೆ ಬಂದದ್ದು ಲೆಸ್ಟಾಡಿಯಸ್. ಇಲ್ಲಿ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ‘ಆರೋಗ್ಯ’ ಎಂಬ ಶಬ್ದ ಇಲ್ಲೇ ತಿರುಗಿ ಬೀಳುತ್ತದೆ. ಲಾರ್ಸ್ ಲೇವಿ ಲೆಸ್ಟಾಡಿಯಸ್ (1800–1861) ಸ್ವೀಡನ್ನಿನ ಉತ್ತರದಲ್ಲಿ ಪಾದ್ರಿ, ಸಾಮಿ ಮೂಲದ ತಾಯಿಯ ಮಗ, ಸಾಮಿ ಭಾಷೆ ಬಲ್ಲವನು. 1840ರ ದಶಕದಲ್ಲಿ ಅವನು ಶುರುಮಾಡಿದ ಧಾರ್ಮಿಕ ಚಳುವಳಿ ಸಾಮಿಗಳ ಊರೂರನ್ನು ಹಿಡಿಯಿತು. ಅದರ ಮೊದಲ ಶತ್ರು ಸಾರಾಯಿ. ವ್ಯಾಪಾರಿಗಳು ತಂದ ಹೆಂಡದಿಂದ ಮನೆಗಳು ಹಾಳಾಗುತ್ತಿದ್ದ ಕಾಲ ಅದು; ಚಳುವಳಿಯಿಂದ ಎಷ್ಟೋ ಮನೆಗಳು ಉಳಿದವು. ಸರಕಾರ ನಾರ್ವೇಜಿಯನ್ ಭಾಷೆಯನ್ನು ಹೇರುತ್ತಿದ್ದಾಗ ಸಾಮಿ ಭಾಷೆ ಪ್ರಾರ್ಥನಾ ಕೂಟಗಳಲ್ಲಿ ಉಳಿದದ್ದೂ ಈ ಚಳುವಳಿಯ ಕಾರಣದಿಂದ. ಆದರೆ ಯೊಯ್ಕ್? ಅದು ಕುಡಿತದ ಸಂಗಾತಿ, ಹಳೆಯ ದೇವರುಗಳ ಸಂಗಾತಿ, ಹಾಗಾಗಿ ಪಾಪ. ಅಂದರೆ ಸಾಮಿಗಳ ದೇಹದ ಆರೋಗ್ಯಕ್ಕೆ ನಿಜವಾಗಿ ಸಹಾಯ ಮಾಡಿದ, ಅವರ ಭಾಷೆಗೆ ಆಸರೆಯಾದ ಒಂದು ಶಕ್ತಿಯೇ ಅವರ ಬಾಯಿಂದ ಯೊಯ್ಕನ್ನು ತೆಗೆದುಹಾಕಿತು. ಅದೂ ಹೊರಗಿನಿಂದ ಬಂದ ಶಕ್ತಿಯಲ್ಲ, ಒಳಗಿನದ್ದೇ. ಶತ್ರು ಹೊರಗಿನವನಾದರೆ ಸಿಟ್ಟು ಮಾಡಬಹುದು. ಇಲ್ಲಿ ಬೇಡ ಅಂದದ್ದು ಸ್ವಂತ ಅಜ್ಜಿ. ಗಾಯಕಿ ಮಾರಿ ಬೊಯ್ನೆ ಇಂಥದ್ದೇ ಮನೆಯಲ್ಲಿ ಬೆಳೆದವಳು. ಯೊಯ್ಕ್ ಎಂದರೆ ಸೈತಾನನದ್ದು ಎಂಬ ನಂಬಿಕೆಯ ನಡುವೆ ಬೆಳೆದದ್ದನ್ನು ಆಕೆಯೇ ಸಾರ್ವಜನಿಕವಾಗಿ ಹೇಳಿದ್ದುಂಟು. ಅಂಥವಳು 1989ರಲ್ಲಿ ‘ಗುಲಾ ಗುಲಾ’ ಎಂಬ ಆಲ್ಬಂ ತಂದಳು.

ಶಾಲೆಯ ವಿಷಯ ನಮಗೆಲ್ಲ ಗೊತ್ತಾಗುವಂಥದ್ದು. ನಾರ್ವೆಯಲ್ಲಿ 1898ರ ಒಂದು ಆದೇಶದ ಪ್ರಕಾರ ಪಾಠದ ಭಾಷೆ ನಾರ್ವೇಜಿಯನ್, ಸಾಮಿ ಏನಿದ್ದರೂ ಅನಿವಾರ್ಯವಾದಾಗ ನೆರವಿಗೆ ಮಾತ್ರ. 1902ರ ಭೂ ಕಾಯಿದೆಯಂತೂ ಇನ್ನೂ ಒಂದು ಹೆಜ್ಜೆ ಮುಂದೆ: ಫಿನ್‌ಮಾರ್ಕ್‌ನಲ್ಲಿ ಸರಕಾರದ ಭೂಮಿ ಕೊಳ್ಳಬೇಕಾದರೆ ನಾರ್ವೇಜಿಯನ್ ಓದಲು, ಬರೆಯಲು, ಮಾತಾಡಲು ಬರಬೇಕು. ಮಕ್ಕಳು ವಸತಿಶಾಲೆಗೆ ಹೋದರು. ಅಲ್ಲಿ ಯೊಯ್ಕ್‌ಗೆ ಜಾಗ ಇರಲಿಲ್ಲ. ಇದೆಲ್ಲದರ ಬಗ್ಗೆ ನಾರ್ವೆಯ ಸತ್ಯ ಮತ್ತು ಸಾಮರಸ್ಯ ಆಯೋಗ ವರದಿ ಕೊಟ್ಟದ್ದು 2023ರ ಜೂನ್ 1ರಂದು, ಸಂಸತ್ತು ಕ್ಷಮೆ ಕೇಳಿದ್ದು 2024ರ ನವೆಂಬರಿನಲ್ಲಿ.

ಈಗ ಸಂಶೋಧನೆಗೆ ಬರುತ್ತೇನೆ. ಟ್ರೋಮ್ಸೊದಲ್ಲಿರುವ ನಾರ್ವೆಯ ಆರ್ಕ್ಟಿಕ್ ವಿಶ್ವವಿದ್ಯಾನಿಲಯದ ಸೊಯಿಲೆ ಹಮಾಲೈನೆನ್ ಮತ್ತು ಸಂಗಡಿಗರು 2018ರಲ್ಲಿ ಒಂದು ಸಮೀಕ್ಷಾ ಲೇಖನ ಪ್ರಕಟಿಸಿದರು. ಯೊಯ್ಕ್, ಸಾಮಿ ಚರಿತ್ರೆ, ಸಾಮಿ ಆರೋಗ್ಯ ಎಂಬ ಮೂರನ್ನೂ ಒಟ್ಟಿಗೆ ಇಟ್ಟು ನೋಡುವ ಲೇಖನ. ಲೇಖಕರಲ್ಲಿ ಸಮುದ್ರದಂಚಿನ ಸಾಮಿಗಳ ಯೊಯ್ಕ್ ಮೇಲೆ ಬಹಳ ವರ್ಷ ಕೆಲಸ ಮಾಡಿದ ಓಲಾ ಗ್ರಾಫ್ ಕೂಡ ಇದ್ದಾರೆ. ಹಳೆಯ ಪುಸ್ತಕ, ಪಾದ್ರಿಗಳ ಬರಹ, ಸಂಗೀತ ಶಾಸ್ತ್ರದ ಅಧ್ಯಯನ ಇವನ್ನೆಲ್ಲ ಓದಿ ಅವರು ಹೇಳುವುದು, ಯೊಯ್ಕ್ ಭಾವನೆಗಳನ್ನು ಹಿಡಿತದಲ್ಲಿಡಲು, ಕಷ್ಟವನ್ನು, ಜನಾಂಗೀಯ ಅವಮಾನವನ್ನು ತಾಳಿಕೊಳ್ಳಲು, ನಾವು ಇಂಥವರು ಎಂಬ ಭಾವವನ್ನು ಉಳಿಸಿಕೊಳ್ಳಲು ನೆರವಾಗಿರಬಹುದು ಎಂದು. ‘ಇರಬಹುದು’ ಎಂಬ ಎಚ್ಚರ ಅವರದ್ದೇ. ಅದನ್ನು ನಾನು ಮೆಚ್ಚುತ್ತೇನೆ. ಇನ್ನೂ ಮೆಚ್ಚುವುದು, ಅವರು ಹಾಡನ್ನು ಮಾತ್ರೆಯ ಹಾಗೆ ಚರಿತ್ರೆಯಿಂದ ಬಿಡಿಸಿ ತೆಗೆಯಲಿಲ್ಲ ಎಂಬುದನ್ನು. ಸಾಮಿಗಳ ಆರೋಗ್ಯದ ಮೇಲಿನ ದೊಡ್ಡ ಸಮೀಕ್ಷೆ ‘ಸಾಮಿನೊರ್’ 2003–04ರಲ್ಲಿ ಒಮ್ಮೆ, 2012–14ರಲ್ಲಿ ಇನ್ನೊಮ್ಮೆ ನಡೆಯಿತು. ತಾರತಮ್ಯ ಅನುಭವಿಸಿದವರು ತಮ್ಮ ಆರೋಗ್ಯ ಚೆನ್ನಾಗಿಲ್ಲ ಅಂತ ಹೇಳುವುದು ಹೆಚ್ಚು ಎಂಬುದು ಅದರ ದತ್ತಾಂಶದಿಂದ ಕಂಡುಬಂದಿದೆ. ಅವಮಾನ ಮೈಗೂ ತಾಗುತ್ತದೆ ಎಂದಾದರೆ, ಅವಮಾನಕ್ಕೆ ಒಳಗಾದ ಹಾಡನ್ನು ವಾಪಸು ಪಡೆಯುವುದೂ ಮೈಗೆ ತಾಗಬಹುದು ಎಂಬುದು ತರ್ಕ. ತರ್ಕ ಸರಿ ಉಂಟು.

ನನ್ನ ತಕರಾರು ಇರುವುದು ಮುಂದಿನ ಹೆಜ್ಜೆಯಲ್ಲಿ, ಅದೂ ಈ ಲೇಖನಕ್ಕಿಂತ ಹೆಚ್ಚಾಗಿ ಇದನ್ನು ಓದಿ ಬರೆಯುವವರ ಬಗ್ಗೆ. ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ವಿಭಾಗ 2019ರಲ್ಲಿ ಕಲೆ ಮತ್ತು ಆರೋಗ್ಯದ ಮೇಲೆ 3,000ಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟುಮಾಡಿ ಒಂದು ವರದಿ ತಂದಿತು. ಹಾಡುವುದರಿಂದ ಉಸಿರು, ಮನಸ್ಸು, ಒಂಟಿತನ ಇವುಗಳಿಗೆ ಒಳ್ಳೆಯದು ಎಂಬುದಕ್ಕೆ ಅಲ್ಲಿ ಬೇಕಾದಷ್ಟು ಆಧಾರ ಸಿಗುತ್ತದೆ. ಸರಿ, ಆದರೆ ಅದು ಯಾವ ಹಾಡಿಗೂ ಅನ್ವಯ. ಚರ್ಚಿನ ಗಾಯನ ಮೇಳಕ್ಕೂ, ಭಜನೆಗೂ, ಬಚ್ಚಲುಮನೆ ಹಾಡಿಗೂ. ಯೊಯ್ಕ್ ಆರೋಗ್ಯಕ್ಕೆ ಒಳ್ಳೆಯದು ಅಂತ ಹೇಳುವಾಗ ಜನ ಈ ಸಾಮಾನ್ಯ ಲಾಭದ ಸಾಕ್ಷ್ಯವನ್ನು ತೋರಿಸಿ, ‘ಗುರುತು, ಬೇರು, ಸಂಸ್ಕೃತಿ’ ಎಂಬ ದೊಡ್ಡ ಮಾತನ್ನು ಅದಕ್ಕೆ ಅಂಟಿಸಿಬಿಡುತ್ತಾರೆ. ಆದರೆ ಯೊಯ್ಕ್‌ಗೆ ಮಾತ್ರ ಇರುವ ವಿಶೇಷ ಯಾವುದು? ಆಗ ಹೇಳಿದೆನಲ್ಲ, ಅದು ನನ್ನದಾದರೂ ನಾನು ಹೇಳಿಕೊಳ್ಳುವಂಥದ್ದಲ್ಲ. ಇನ್ನೊಬ್ಬರು ನನ್ನನ್ನು ಯೊಯ್ಕ್ ಮಾಡಬೇಕು. ಹಾಡುವವರ ಶ್ವಾಸಕೋಶವನ್ನು ಅಳೆಯುವ ಅಧ್ಯಯನ ಎಷ್ಟು ಬೇಕಾದರೂ ಮಾಡಬಹುದು. ಹಾಡಿಸಿಕೊಂಡವರಿಗೆ ಏನಾಯಿತು ಅಂತ ಕೇಳುವುದು ಬೇರೆ ಪ್ರಶ್ನೆ, ಅದು ಹೆಚ್ಚು ಕಷ್ಟದ್ದು. ನಿಮ್ಮನ್ನು ನೆನೆಯುವವರು ಇದ್ದಾರಾ, ಎಷ್ಟು ಜನ, ಎಷ್ಟು ದೂರದಲ್ಲಿ ಅಂತ ಕೇಳಿದ ಹಾಗೆ.

ಇದೇ ಕಾರಣಕ್ಕೆ ಟಿವಿಯ ಯೊಯ್ಕ್ ಬಗ್ಗೆ ನನಗೆ ಎರಡು ಮನಸ್ಸು. ಯೊನ್ ಹೆನ್ರಿಕ್ ಫ್ಯೆಲ್‌ಗ್ರೆನ್ 2014ರಲ್ಲಿ ಸ್ವೀಡನ್ನಿನ ಒಂದು ಪ್ರತಿಭಾ ಸ್ಪರ್ಧೆಯನ್ನು ಗೆದ್ದ. ಕೊಲಂಬಿಯಾದಲ್ಲಿ ಹುಟ್ಟಿ, ಹಿಮಸಾರಂಗ ಸಾಕುವ ಸಾಮಿ ಮನೆಗೆ ದತ್ತು ಬಂದವನು. ತೀರಿಹೋದ ಗೆಳೆಯ ಡೇನಿಯಲ್‌ನ ಯೊಯ್ಕನ್ನು ಅವನು ಆ ವೇದಿಕೆಯಲ್ಲಿ ಹಾಡಿದ. ಭಾಷೆ ಗೊತ್ತಿಲ್ಲದ ತೀರ್ಪುಗಾರರು ಅತ್ತರು. ಪುನಃ ಪುನಃ ನೋಡಿದ್ದೇನೆ, ನಾನೂ ಅತ್ತಿದ್ದೇನೆ. ದುಃಖಕ್ಕೆ ಮದ್ದು ಸಿಕ್ಕಿತು ಅಂತ ಕೆಳಗೆ ಬರೆದವರು ಬಹಳ. ಆದರೆ ನಾವು ಅತ್ತದ್ದು ನಮ್ಮ ನಮ್ಮವರಿಗಾಗಿ. ಡೇನಿಯಲ್ ಬಂದು ನಿಂತದ್ದು ಅವನನ್ನು ಬಲ್ಲವರಿಗೆ ಮಾತ್ರ. ಎರಡೂ ನಿಜ, ಎರಡೂ ಒಂದೇ ಅಲ್ಲ. ‘ಫ್ರೋಜನ್’ ಸಿನೆಮಾದ ಆರಂಭದಲ್ಲಿ ಬರುವ ಮೇಳಗಾನ ದಕ್ಷಿಣ ಸಾಮಿ ಮೂಲದ ಫ್ರೋಡೆ ಫ್ಯೆಲ್‌ಹೈಮ್‌ನದ್ದು; ಅಲ್ಲಿ ಯೊಯ್ಕ್‌ನ ಧಾಟಿ ಮಾತ್ರ ಉಂಟು, ನೆನೆಯುವ ಆ ಒಬ್ಬ ವ್ಯಕ್ತಿ ಇಲ್ಲ. ಕೇಳಲಿಕ್ಕೆ ಚಂದ. ನೀಲ್ಸ್-ಆಸ್ಲಾಕ್ ವಾಲ್ಕಿಯಪಾ 1968ರಲ್ಲಿ ಗಿಟಾರಿನ ಜೊತೆ ಯೊಯ್ಕ್ ದಾಖಲಿಸಿ ಡಿಸ್ಕ್ ತಂದಾಗ ಹಿರಿಯರು ಹುಬ್ಬುಗಂಟಿಕ್ಕಿದ್ದರೂ, ನಾಚಿಕೆಯಿಂದ ಬಾಯಿ ಮುಚ್ಚಿದ್ದ ಒಂದು ತಲೆಮಾರಿಗೆ ಬಾಯಿ ಬಂದದ್ದು ಅಲ್ಲಿಂದ. ವೇದಿಕೆಯನ್ನು ಪೂರ್ತಿ ಬೈಯುವುದು ಸಾಧ್ಯ ಇಲ್ಲ.

ಕೊನೆಗೆ ಆರೈಕೆ ಮನೆ. ಹಮಾಲೈನೆನ್ ಮತ್ತು ಸಂಗಡಿಗರು ಆಮೇಲೆ ಉತ್ತರ ನಾರ್ವೆಯಲ್ಲಿ ಮರೆವಿನ ಕಾಯಿಲೆ ಇರುವ ಸಾಮಿ ಹಿರಿಯರ ಆರೈಕೆಯಲ್ಲಿ ಯೊಯ್ಕ್‌ನ ಪಾತ್ರವನ್ನು ಮಾತುಕತೆಗಳ ಮೂಲಕ ಅಧ್ಯಯನ ಮಾಡಿದರು. ಮರೆವು ಬಂದಾಗ ನಂತರ ಕಲಿತ ಭಾಷೆ ಮೊದಲು ಜಾರಿಹೋಗುವುದನ್ನು ಹಲವು ಕಡೆ ಗಮನಿಸಿದ್ದಾರೆ. ಐವತ್ತು ವರ್ಷ ನಾರ್ವೇಜಿಯನ್ ಮಾತಾಡಿದವರು ಸಾಮಿಗೆ ಮರಳುತ್ತಾರೆ, ಎದುರಿರುವ ನರ್ಸಿಗೆ ಸಾಮಿ ಗೊತ್ತಿರುವುದಿಲ್ಲ. ಅಲ್ಲಿ ಪರಿಚಿತವಾದ ಒಂದು ಯೊಯ್ಕ್ ಮಾತು ನಿಂತ ಜಾಗದಲ್ಲಿ ಕೆಲಸ ಮಾಡಬಹುದು. ಮಾತೇ ಬೇಡದ ಹಾಡಲ್ಲವಾ ಅದು! ಈ ಅಧ್ಯಯನಗಳ ನಿಜವಾದ ಬೆಲೆ ನನಗೆ ಕಾಣುವುದು ಇಲ್ಲಿ.

ಆದರೆ ಈಗ ಲೆಸ್ಟಾಡಿಯಸ್‌ನನ್ನು ಮತ್ತೆ ನೆನಪಿಸಿಕೊಳ್ಳಿ. ಮಂಚದಲ್ಲಿ ಮಲಗಿದ ಅಜ್ಜಿ ಎಂಬತ್ತು ವರ್ಷ ಯೊಯ್ಕ್ ಪಾಪ ಅಂತ ನಂಬಿದವಳು. ನೀವು ಒಳ್ಳೆಯ ಮನಸ್ಸಿನಿಂದ ಫೋನಿನಲ್ಲಿ ಯೊಯ್ಕ್ ಹಾಕಿದಿರಿ. ಅವಳಿಗೆ ಆಗುವುದು ಸಮಾಧಾನವಾ, ಭಯವಾ? ಅವಳು ತಾಯಿಯನ್ನು ನೆನೆಯುತ್ತಾಳಾ, ನರಕವನ್ನಾ? ಎರಡೂ ಒಟ್ಟಿಗೆ ಆಗಬಹುದು. ಬಹುಶಃ ಅವಳಿಗೆ ಬೇಕಾದದ್ದು ಸಾಮಿ ಭಾಷೆಯ ಪ್ರಾರ್ಥನಾ ಗೀತೆ, ಅದೂ ಅವಳ ಸಂಸ್ಕೃತಿಯೇ. ಫೋನಿನಲ್ಲಿ ಸಿಗುವ ಯೊಯ್ಕ್ ಬೇರೆ ಯಾರದ್ದೋ ಆಗಿರುತ್ತದೆ, ಅದು ಇನ್ನೊಂದು ತೊಂದರೆ. ನಿಮ್ಮನ್ನು ಸಮಾಧಾನ ಮಾಡಲಿಕ್ಕೆ ಬೇರೆ ಯಾರದ್ದೋ ಹೆಸರು ಹಿಡಿದು ಕರೆದ ಹಾಗೆ. ‘ಸಾಮಿ ರೋಗಿಗೆ ಸಾಮಿ ಸಂಗೀತ’ ಎಂಬ ಚೀಟಿ ಬರೆಯುವ ಆರೈಕೆಗೆ ಈ ಎರಡೂ ಕಾಣುವುದಿಲ್ಲ.

ಇದು ನನಗೆ ಬರೇ ಪುಸ್ತಕದ ವಿಷಯ ಅಲ್ಲ. ನನ್ನ ಅಜ್ಜಿ ಕೊನೆಯ ಎಂಟು ತಿಂಗಳು ನಮ್ಮ ಜಿಲ್ಲೆಯ ಹೊರಗಿನ ಒಂದು ಆರೈಕೆ ಕೇಂದ್ರದಲ್ಲಿದ್ದರು. ಅಲ್ಲಿಯ ಹುಡುಗಿಯರು ಒಳ್ಳೆಯವರು. ‘ಅಮ್ಮಚ್ಚೀ’ ಅಂತ ಪ್ರೀತಿಯಿಂದಲೇ ಕರೆಯುತ್ತಿದ್ದರು. ಅಜ್ಜಿ ತಿರುಗಿಯೂ ನೋಡುತ್ತಿರಲಿಲ್ಲ. ಆಯುಷ್ಯವಿಡೀ ಪೇಟೆಯಲ್ಲಿ ಮಲಯಾಳ ಮಾತಾಡಿದವರು, ಆದರೆ ಅದು ಆಗ ಅವರೊಳಗೆ ಇರಲಿಲ್ಲ. ಕೇಂದ್ರದವರು ನಮ್ಮ ಹತ್ತಿರ ‘ಪ್ರತಿಕ್ರಿಯೆ ಇಲ್ಲ’ ಅಂತ ಹೇಳಿದರು, ಫೈಲಿನಲ್ಲಿಯೂ ಹಾಗೆಯೇ ಬರೆದರು. ನಾನು ನಂಬಿದೆ. ಸಾಮಿಗಳ ಬಗ್ಗೆ ಓದಿದ್ದು ಅದಾಗಿ ಎರಡು ವರ್ಷದ ನಂತರ.

ಸಂವಾದ

ಸೊಲ್ಲಾಪುರದ ವಿದ್ಯಾರ್ಥಿ: ಮೇಡಂ, ಭಾಳ ಚಲೋ ಹೇಳಿದ್ರಿ. ಹಂಗಾರ ಯೊಯ್ಕ್ ಕೇಳಿದ್ರ ಆರಾಮ ಆಗ್ತದ ಅಂತ ಹೇಳಾಕ ಬರೂದಿಲ್ಲೇನ್ರಿ? ನೀವು ಎಲ್ಲಾ ಕಡಿ ‘ಆದರೆ’ ಅಂದ್ರಿ.

ಉತ್ತರ: ಹೌದು, ‘ಆದರೆ’ ಸ್ವಲ್ಪ ಜಾಸ್ತಿಯಾಯಿತು. ನೇರವಾಗಿ ಹೇಳುತ್ತೇನೆ. ತನ್ನವರು ತನ್ನನ್ನು ಯೊಯ್ಕ್ ಮಾಡುವುದನ್ನು ಕೇಳಿದ ಸಾಮಿಗೆ ಒಳ್ಳೆಯದಾಗುತ್ತದೆ ಅಂತ ನಾನು ನಂಬುತ್ತೇನೆ. ಅದನ್ನು ಕೇಳಲಿಕ್ಕೆ ನಾಚಿಕೆಪಡಿಸಿದ್ದರಿಂದ ಕೆಟ್ಟದಾಯಿತು ಅಂತಲೂ ನಂಬುತ್ತೇನೆ. ಆದರೆ ಆ ಒಳ್ಳೆಯದನ್ನು ರಾಗದಿಂದ ಬೇರೆ ಮಾಡಿ, ಬಾಟ್ಲಿಯಲ್ಲಿ ತುಂಬಿಸಿ, ನಿಮಗೂ ನನಗೂ ಕೊಡಲಿಕ್ಕೆ ಬರುವುದಿಲ್ಲ. ನೋಡಿ, ಪುನಃ ‘ಆದರೆ’ ಬಂತು.

ಅಧ್ಯಾಪಕರೊಬ್ಬರು, ಮಂಜೇಶ್ವರದಿಂದ: ನಮ್ಮ ತುಳುವಿನ ಪಾಡ್ದನಕ್ಕೂ ಇದಕ್ಕೂ ಹೋಲಿಕೆ ಮಾಡುವ ಸಾಧ್ಯತೆಯನ್ನು ನೀವು ಬಿಟ್ಟುಕೊಟ್ಟಿರಿ. ಗದ್ದೆಯಲ್ಲಿ ನೇಜಿ ನೆಡುವಾಗ ಹೇಳುವ ಪಾಡ್ದನದಿಂದ ದಣಿವು ಹಗುರವಾಗುವುದಿಲ್ಲವೇ?

ಉತ್ತರ: ಆಗ್ತದೆ ಸರ್, ನಾನೂ ಗದ್ದೆಯಲ್ಲಿ ಕೇಳಿದ್ದೇನೆ. ಆದರೆ ಅದು ಕೆಲಸದ ಲಯದ ಲಾಭ, ಹಾಡಿನ ಸಾಮಾನ್ಯ ಲಾಭ ಅಂತ ನಾನು ಹೇಳಿದ ಲೆಕ್ಕಕ್ಕೆ ಬರುವಂಥದ್ದು. ಪಾಡ್ದನ ಕತೆ ಹೇಳುತ್ತದೆ, ದೈವದ ಹುಟ್ಟು, ಪ್ರಸರಣ, ಅನ್ಯಾಯ, ಮಾಯ. ಅದರ ಸಂಗಡ ಇಡಬೇಕಾದ್ದು ಸ್ಕೋಲ್ಟ್ ಸಾಮಿಗಳ ಲೆವ್ದನ್ನು, ಉತ್ತರದ ಲುಓಹ್ತಿಯನ್ನಲ್ಲ. ಲುಓಹ್ತಿಯ ಹಾಗೆ, ಬದುಕಿರುವ ಒಬ್ಬ ಸಾಮಾನ್ಯ ಮನುಷ್ಯನಿಗೆ ಅವನದ್ದೇ ಆದ ಒಂದು ರಾಗ ಕೊಡುವ ಪದ್ಧತಿ ನಮ್ಮಲ್ಲಿ ನನಗೆ ಕಂಡಿಲ್ಲ. ನಿಮಗೆ ಎಲ್ಲಿಯಾದರೂ ಸಿಕ್ಕಿದರೆ ದಯವಿಟ್ಟು ತಿಳಿಸಿ, ನಾನು ಮಾತು ಹಿಂತೆಗೆದುಕೊಳ್ಳುತ್ತೇನೆ.

ಹೊಸೂರಿನ ನರ್ಸಿಂಗ್ ವಿದ್ಯಾರ್ಥಿನಿ: ಮೇಡಂ, ನನ್ನ ವಾರ್ಡಲ್ಲಿ ಕನ್ನಡದವರು, ತೆಲುಗಿನವರು ಎಲ್ಲಾ ಬರ್ತಾರೆ, ನಾವು ತಮಿಳಲ್ಲೇ ಮಾತಾಡಿಸ್ತೀವಿ. ನಿಮ್ಮ ಅಜ್ಜಿ ವಿಷಯದಲ್ಲಿ ಆಮೇಲೆ ಏನಾಯ್ತು? ಹೇಳೋಕೆ ಇಷ್ಟ ಇಲ್ಲದಿದ್ರೆ ಬೇಡ.

ಉತ್ತರ: ಇಷ್ಟ ಇಲ್ಲ ಅಂತಲ್ಲ. ಅಜ್ಜಿಗೆ ಚಿಕ್ಕಂದಿನಲ್ಲಿ ಮನೆಯಲ್ಲಿ ಕರೆಯುವ ಒಂದು ಕಿರುಹೆಸರಿತ್ತು. ಅದನ್ನು ಇಲ್ಲಿ ಹೇಳುವುದಿಲ್ಲ, ಅದು ಅವರದ್ದು. ಅವರನ್ನು ಹಾಗೆ ಕರೆಯುತ್ತಿದ್ದವರು ಅಣ್ಣ ಮತ್ತು ಅಕ್ಕ, ಇಬ್ಬರೂ ತೀರಿಹೋಗಿದ್ದರು. ಕೊನೆಯ ತಿಂಗಳಿನಲ್ಲಿ ಅವರ ಅಕ್ಕನ ಮಗಳು, ನನಗೆ ದೊಡ್ಡಮ್ಮ ಆಗಬೇಕು, ಮುಂಬಯಿಯಿಂದ ನೋಡಲಿಕ್ಕೆ ಬಂದರು. ಬಾಗಿಲಲ್ಲಿ ನಿಂತು, ಅವರ ಅಮ್ಮ ಕರೆಯುತ್ತಿದ್ದ ಧಾಟಿಯಲ್ಲಿಯೇ, ಎಳೆದು, ಆ ಹೆಸರನ್ನು ಕರೆದರು. ಅಜ್ಜಿ ‘ಬಂದೆ’ ಅಂತ ಹೇಳಿದರು. ಎದ್ದು ಕೂರಲಿಕ್ಕೆ ನೋಡಿದರು. ಆ ಹುಡುಗಿಯರು ಮೂವರೂ ಅಲ್ಲೇ ಇದ್ದರು. ಮರುದಿನದಿಂದ ಅವರೂ ಹಾಗೆ ಕರೆಯಲಿಕ್ಕೆ ನೋಡಿದರು, ಎಳೆಯುವುದು ಸರಿಯಾಗಿ ಬರುತ್ತಿರಲಿಲ್ಲ. ಒಬ್ಬಳು ಫೋನಿನಲ್ಲಿ ದೊಡ್ಡಮ್ಮನ ಧ್ವನಿಯನ್ನು ರೆಕಾರ್ಡು ಮಾಡಿ ಇಟ್ಟುಕೊಂಡಿದ್ದಳು. ಫೋನಿನದ್ದಕ್ಕೆ ಅಜ್ಜಿ ಕೆಲವು ಸಲ ತಿರುಗಿದರು, ಕೆಲವು ಸಲ ಇಲ್ಲ. ಆ ಹುಡುಗಿ ಕರೆದ ತಪ್ಪು ಧಾಟಿಗೆ ಹೆಚ್ಚು ಸಲ ತಿರುಗುತ್ತಿದ್ದರು ಅಂತ ಅವಳು ಹೇಳುತ್ತಿದ್ದಳು. ನಾನು ಎಣಿಸಿ ಇಟ್ಟಿಲ್ಲ. ನಿಮ್ಮ ವಾರ್ಡಿಗೆ ಬರುವವರನ್ನು ಮನೆಯಲ್ಲಿ ಎಂತ ಹೇಳಿ ಕರೀತಾರೆ ಅಂತ ಒಮ್ಮೆ ಕೇಳಿ ನೋಡಿ.